ಎಂಜಿನ್ ಟ್ರೀಟ್‌ಮೆಂಟ್ ಬಾಟಲಿಯಿಂದ ಮೈಲೇಜ್ ಏರುತ್ತದೆಯೇ? ನಿಮ್ಮ ಗಾಡಿಯಲ್ಲೇ ಪರೀಕ್ಷೆ ಮಾಡಿ ನೋಡುವ ಬಗೆ

ಗಾಡಿ ಸರ್ವಿಸ್‌ಗೆ ಬಿಟ್ಟಾಗ ಕೌಂಟರ್‌ನಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ಸಾರ್, ಎಂಜಿನ್ ಟ್ರೀಟ್‌ಮೆಂಟ್ ಹಾಕಿಬಿಡೋಣ್ವಾ? ಎಂಜಿನ್ ಸ್ಮೂತ್ ಆಗುತ್ತೆ, ಮೈಲೇಜೂ ಬರುತ್ತೆ." ಎಂಜಿನ್ ಆಯಿಲ್‌ಗೆ ಬೆರೆಸುವ ಒಂದು ಬಾಟಲಿ ದ್ರವ ಇದು. ಹೂಂ ಅಂದರೆ ಬಿಲ್ಲಿಗೆ ಎಂಟುನೂರೋ ಸಾವಿರದಿನ್ನೂರೋ ಸೇರುತ್ತದೆ. ಹೂಂ ಅಂದು ಬಂದವರೂ, ಬೇಡ ಅಂದು ಬಂದವರೂ ಆಮೇಲೆ ಕೇಳುವುದು ಒಂದೇ ಮಾತು: ನಿಜಕ್ಕೂ ಮೈಲೇಜ್ ಏರುತ್ತದಾ?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಎಂಜಿನ್ ಆರೋಗ್ಯವಾಗಿದ್ದು, ಅದಕ್ಕೆ ಕಂಪನಿ ಹೇಳಿದ ಆಯಿಲ್ಲೇ ಬಿದ್ದಿದ್ದರೆ, ಇಂಥ ಬಾಟಲಿಯಿಂದ ಶೇ. 1 ಅಥವಾ 2ಕ್ಕಿಂತ ಹೆಚ್ಚು ನಾನು ನಿರೀಕ್ಷಿಸುವುದಿಲ್ಲ. ಎಷ್ಟೋ ಸಲ ಅದೂ ಇಲ್ಲ. ಡಬ್ಬಿ ಮೇಲೆ ಅಚ್ಚಾಗಿರುವ ಶೇ. 10, ಶೇ. 20 ಎಲ್ಲ ಜಾಹೀರಾತಿನ ಲೆಕ್ಕ. ಆದರೆ ತೊಡಕು ಇರುವುದು ಬೇರೆ ಕಡೆ. ಶೇ. 1–2ರ ವ್ಯತ್ಯಾಸವನ್ನು ಒಂದೆರಡು ಸಲ ಟ್ಯಾಂಕ್ ತುಂಬಿಸಿ ಯಾರೂ ಕಂಡುಹಿಡಿಯಲಾರರು. "ನಂಗೆ ನಾಲ್ಕು ಕಿಲೋಮೀಟರ್ ಜಾಸ್ತಿ ಬಂತು" ಅನ್ನುವವರಾಗಲಿ, "ಏನೂ ಆಗಲಿಲ್ಲ" ಅನ್ನುವವರಾಗಲಿ, ಇಬ್ಬರೂ ಅಳತೆ ಮಾಡಿ ಹೇಳುತ್ತಿಲ್ಲ. ಹಾಗಾಗಿ ಈ ಲೇಖನದ ಹೆಚ್ಚಿನ ಭಾಗ ಅಳತೆಯದ್ದೇ.

ಘರ್ಷಣೆ ಇರುವುದೆಲ್ಲಿ?

ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೇ ಎರಡು ಪಾಲು ಬಿಸಿಯಾಗಿ ಸೈಲೆನ್ಸರ್ ಮತ್ತು ರೇಡಿಯೇಟರ್ ದಾರಿ ಹಿಡಿಯುತ್ತದೆ. ಅದನ್ನು ಯಾವ ಬಾಟಲಿಯೂ ವಾಪಸ್ ತರುವುದಿಲ್ಲ. ಎಂಜಿನ್ ಒಳಗಿನ ಭಾಗಗಳ ಉಜ್ಜಾಟಕ್ಕೆ ಹೋಗುವುದು ಹತ್ತನೇ ಒಂದು ಪಾಲಿನ ಆಸುಪಾಸು. ಮಾರಾಟಗಾರರು ಬೆರಳಿಡುವುದು ಈ ಪಾಲಿನ ಮೇಲೆ. ಇದು ಸಣ್ಣದೇನಲ್ಲ, ಅವರ ಮಾತಿನಲ್ಲಿ ಅಷ್ಟರಮಟ್ಟಿಗೆ ಹುರುಳಿದೆ.

ಆದರೆ ಈ ಉಜ್ಜಾಟದಲ್ಲಿ ಎರಡು ಜಾತಿ. ಮಳೆಗಾಲದಲ್ಲಿ ನೀರು ನಿಂತ ರಸ್ತೆಯಲ್ಲಿ ವೇಗವಾಗಿ ಹೋದರೆ ಟೈರ್ ರಸ್ತೆಗೆ ತಾಗದೆ ನೀರಿನ ಮೇಲೆ ತೇಲುತ್ತದಲ್ಲ, ಪಿಸ್ಟನ್‌ನ ಏರಿಳಿತವನ್ನು ತಿರುಗಾಟವಾಗಿಸುವ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ತನ್ನ ಬೇರಿಂಗ್‌ನಲ್ಲಿ ತಿರುಗುವುದೂ ಹಾಗೆಯೇ: ಆಯಿಲ್‌ನ ತೆಳು ಪದರದ ಮೇಲೆ ತೇಲಿಕೊಂಡು. ಲೋಹ ಲೋಹಕ್ಕೆ ತಾಗುವುದೇ ಇಲ್ಲ. ಅಲ್ಲಿ ಶಕ್ತಿ ತಿನ್ನುವುದು ಆಯಿಲ್‌ನ ಮಂದತನ. ಬೆಲ್ಲದ ಪಾಕ ಕಲಕುವಾಗ ಸೌಟಿಗೆ ಎಷ್ಟು ಹೊಳಪು ಕೊಟ್ಟರೂ ಕೈನೋವು ಕಡಿಮೆಯಾಗುವುದಿಲ್ಲ, ಪಾಕ ತೆಳುವಾಗಬೇಕು. ಇನ್ನೊಂದು ಜಾತಿ, ಪದರ ಹರಿದು ಲೋಹ ಲೋಹಕ್ಕೆ ತಾಗುವಂಥದ್ದು. ಪಿಸ್ಟನ್ ಮೇಲೆ ಹೋಗಿ ಒಂದು ಕ್ಷಣ ನಿಂತು ತಿರುಗುವಲ್ಲಿ, ಕ್ಯಾಮ್‌ಶಾಫ್ಟ್‌ನ ಮೂಗು ವಾಲ್ವ್ ಒತ್ತುವಲ್ಲಿ ಇದು ಆಗುತ್ತದೆ. ಜರ್ಮನಿಯ ರಿಚರ್ಡ್ ಸ್ಟ್ರೈಬೆಕ್ ಈ ಎರಡು ಸ್ಥಿತಿಗಳ ನಡುವಣ ಸಂಬಂಧವನ್ನು 1902ರಲ್ಲೇ ಗೆರೆ ಎಳೆದು ತೋರಿಸಿದ್ದರು, ಇಂದಿಗೂ ಆಯಿಲ್ ಎಂಜಿನಿಯರುಗಳು ಆ ಗೆರೆಯನ್ನೇ ನೋಡುತ್ತಾರೆ.

ಲೋಹಕ್ಕೆ ಜಾರುವ ಲೇಪ ಕೊಡುತ್ತೇವೆ ಅನ್ನುವ ಬಾಟಲಿ ಕೆಲಸ ಮಾಡಿದರೂ ಎರಡನೆಯ ಜಾತಿಯ ಮೇಲೆ ಮಾತ್ರ ಮಾಡೀತು. ಓಡುವ ಎಂಜಿನ್‌ನಲ್ಲಿ ದೊಡ್ಡ ಪಾಲು ಮೊದಲನೆಯದ್ದು. ಹತ್ತನೇ ಒಂದು ಪಾಲಿನೊಳಗೆ ಸಣ್ಣ ಪಾಲು, ಅದರೊಳಗೂ ಒಂದು ಅಂಶ ಕಡಿತ: ಹೀಗೆ ಇಳಿಯುತ್ತಾ ಹೋದರೆ ನಾನು ಮೇಲೆ ಹೇಳಿದ ಅಂಕಿಯ ಹತ್ತಿರ ಬಂದು ನಿಲ್ಲುತ್ತೀರಿ.

ಇನ್ನೊಂದು ವಿಷಯ ಹೇಳದೆ ಬಿಡುವಂತಿಲ್ಲ. ನೀವು ದುಡ್ಡು ಕೊಟ್ಟು ಹಾಕಿಸುವ ಎಂಜಿನ್ ಆಯಿಲ್ ಬರೀ ಎಣ್ಣೆಯಲ್ಲ. ಅದರಲ್ಲಿ ಸವೆತ ತಡೆಯುವ ಸತು–ರಂಜಕದ ಸಂಯುಕ್ತವಿದೆ, ಅದಕ್ಕೆ ಜೆಡ್‌ಡಿಡಿಪಿ ಎಂದು ಹೆಸರು. ಅನೇಕ ಆಯಿಲ್‌ಗಳಲ್ಲಿ ಉಜ್ಜಾಟ ತಗ್ಗಿಸುವ ಮಾಲಿಬ್ಡಿನಮ್ ಕೂಡ ಇರುತ್ತದೆ. ಇವೆಲ್ಲ ಲೋಹದ ಮೈಮೇಲೆ ಜಾಗ ಹಿಡಿದು ಕೂರುವಂಥವು. ಹೊಸದಾಗಿ ಸುರಿದದ್ದು ಅದೇ ಜಾಗಕ್ಕೆ ಪೈಪೋಟಿಗಿಳಿಯುತ್ತದೆ. ಎರಡೂ ಸೇರಿ ದುಪ್ಪಟ್ಟು ಲಾಭವಾಗುತ್ತದೆ ಅಂತೇನಿಲ್ಲ, ಇದ್ದ ಹದ ಕೆಡಲೂಬಹುದು.

ಬಾಟಲಿಯೊಳಗೆ ಏನಿರುತ್ತದೆ?

ಹಳೆಯ ಕುಳ ಪಿಟಿಎಫ್‌ಇ, ಅಂದರೆ ನಾನ್‌ಸ್ಟಿಕ್ ತವಾದ ಮೇಲಿನ ಅದೇ ವಸ್ತು, ಟೆಫ್ಲಾನ್. ತವಾಕ್ಕೆ ಅದನ್ನು ಹಚ್ಚಲು ಲೋಹವನ್ನು ಉಜ್ಜಿ ಶುಚಿ ಮಾಡಿ, 350 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬೇಯಿಸಬೇಕು. ನಿಮ್ಮ ಎಂಜಿನ್ ಆಯಿಲ್ ಸಾಮಾನ್ಯವಾಗಿ 90–120 ಡಿಗ್ರಿಯಲ್ಲಿರುತ್ತದೆ, ಒಳಗಿನ ಲೋಹದ ಮೈಯೆಲ್ಲ ಜಿಡ್ಡು. ಅಲ್ಲಿ ತವಾದಂಥ ಲೇಪ ಕೂರುವುದಾದರೂ ಹೇಗೆ? ಟೆಫ್ಲಾನ್ ತಯಾರಿಸುವ ಡುಪಾಂಟ್ ಕಂಪನಿಯೇ 1980ರ ಸುಮಾರಿಗೆ ಎಂಜಿನ್ ಆಯಿಲ್‌ಗೆ ಇದು ಉಪಯೋಗವಿಲ್ಲ ಎಂಬ ನಿಲುವು ತಳೆದಿತ್ತು.

ಇನ್ನೊಂದು ಕ್ಲೋರಿನೇಟೆಡ್ ಪ್ಯಾರಾಫಿನ್, ಅಂದರೆ ಕ್ಲೋರಿನ್ ಸೇರಿಸಿದ ಮೇಣದಂಥ ಎಣ್ಣೆ. ಲೋಹ ಕತ್ತರಿಸುವ ಕಾರ್ಖಾನೆಗಳಲ್ಲಿ ಇದಕ್ಕೆ ನಿಜವಾದ ಕೆಲಸವಿದೆ. ಎಂಜಿನ್‌ನಲ್ಲಿ ಬಿಸಿ, ತೇವ ಎರಡೂ ಇರುವುದರಿಂದ ಇದು ಒಡೆದು ಹೈಡ್ರೋಕ್ಲೋರಿಕ್ ಆಮ್ಲವಾಗಬಹುದು, ಬೇರಿಂಗ್ ತಿನ್ನಬಹುದು. ಮಾಲಿಬ್ಡಿನಮ್, ಬೋರಾನ್, ಈಚಿನ 'ನ್ಯಾನೋ', 'ಸೆರಾಮಿಕ್', 'ಗ್ರಾಫೀನ್' ಇವು ಪ್ರಯೋಗಾಲಯದ ಯಂತ್ರದಲ್ಲಿ ಘರ್ಷಣೆ ತಗ್ಗಿಸುವುದುಂಟು. ಯಂತ್ರದಿಂದ ರಸ್ತೆಗೆ ಬರುವಷ್ಟರಲ್ಲಿ ಎಷ್ಟು ಉಳಿಯುತ್ತದೆ ಎಂಬುದೇ ಪ್ರಶ್ನೆ.

ಕೊನೆಯದು ಬರೀ ದಪ್ಪಗೊಳಿಸುವ ಜಾತಿ. ಜೇನಿನಂತೆ ಸುರಿಯುತ್ತದೆ. ಇದನ್ನು ಹಾಕಿದೊಡನೆ ಹಳೆ ಎಂಜಿನ್‌ನ ಟಕಟಕ ಸದ್ದು ಅಡಗುತ್ತದೆ, "ನೋಡಿ ಎಷ್ಟು ಸ್ಮೂತ್" ಅನ್ನುತ್ತಾರೆ. ಸದ್ದು ಅಡಗಿದ್ದು ಆಯಿಲ್ ಮಂದವಾದ್ದರಿಂದ. ಪಾಕ ಮಂದವಾದರೆ ಕಲಕುವ ಶ್ರಮ ಹೆಚ್ಚು, ಅಂದರೆ ಮೈಲೇಜ್ ಇಳಿಯುವ ಸಾಧ್ಯತೆಯೇ ಜಾಸ್ತಿ. ಸದ್ದು ಕಡಿಮೆಯಾಯಿತು ಎಂಬುದನ್ನು ಮೈಲೇಜಿನ ಪುರಾವೆ ಅಂತ ಎಣಿಸಬೇಡಿ.

ಮಳಿಗೆಯ ಆ ಯಂತ್ರ

ವಸ್ತುಪ್ರದರ್ಶನದಲ್ಲಿ ನೀವೂ ನೋಡಿರುತ್ತೀರಿ. ಮೇಜಿನ ಮೇಲೊಂದು ಮೋಟರ್, ಅದರ ತುದಿಗೆ ಉಕ್ಕಿನ ಉಂಗುರ, ಉಂಗುರದ ಕೆಳಭಾಗ ಸಣ್ಣ ಆಯಿಲ್ ತಟ್ಟೆಯಲ್ಲಿ ಮುಳುಗಿರುತ್ತದೆ. ಒಂದು ಉದ್ದನೆ ಹಿಡಿ ಒತ್ತಿದರೆ ಉಕ್ಕಿನ ತುಂಡೊಂದು ತಿರುಗುವ ಉಂಗುರಕ್ಕೆ ಅಮರಿಕೊಳ್ಳುತ್ತದೆ. ಮಾಮೂಲಿ ಆಯಿಲ್ ಇದ್ದಾಗ ಸ್ವಲ್ಪ ಒತ್ತಿದೊಡನೆ ಕಿರ್ರ್ ಎಂದು ಕಿರುಚಿ ಮೋಟರ್ ನಿಂತುಹೋಗುತ್ತದೆ, ಆಂಪಿಯರ್ ಮುಳ್ಳು ಮೇಲಕ್ಕೆ ಹಾರುತ್ತದೆ. ತಟ್ಟೆಗೆ ನಾಲ್ಕು ಹನಿ 'ಟ್ರೀಟ್‌ಮೆಂಟ್' ಬಿಟ್ಟು ಮತ್ತೆ ಒತ್ತಿಸುತ್ತಾರೆ. ಈ ಸಲ ಹಿಡಿಗೆ ನೀವೇ ಜೋತುಬಿದ್ದರೂ ಮೋಟರ್ ನಿಲ್ಲುವುದಿಲ್ಲ. ಉಕ್ಕಿನ ತುಂಡು ತೆಗೆದು ಅಂಗೈಗೆ ಇಡುತ್ತಾರೆ: ಮೊದಲನೆಯದರಲ್ಲಿ ಉದ್ದನೆ ಗಾಯ, ಎರಡನೆಯದರಲ್ಲಿ ಅಕ್ಕಿಕಾಳಿನಷ್ಟು ಗುರುತು. ಸುತ್ತ ನಿಂತವರು ಪರ್ಸ್ ತೆಗೆಯುತ್ತಾರೆ.

ಯಂತ್ರದಲ್ಲಿ ಮೋಸವಿಲ್ಲ. ಅತಿಯಾದ ಒತ್ತಡದಲ್ಲಿ ಗೇರ್ ಆಯಿಲ್, ಗ್ರೀಸ್ ಎಷ್ಟು ತಡೆಯುತ್ತವೆ ಎಂದು ನೋಡುವ ಟಿಮ್ಕೆನ್ ಪರೀಕ್ಷೆಯ ಮರಿ ಅದು. ಎಂಜಿನ್ ಬೇರಿಂಗ್‌ನಲ್ಲಿ ಆ ಬಗೆಯ ಒತ್ತಡವೇ ಇಲ್ಲ. ಕ್ಲೋರಿನ್ ಇರುವ ದ್ರವ ಆ ಪರೀಕ್ಷೆಯಲ್ಲಿ ಸಲೀಸಾಗಿ ಗೆಲ್ಲುತ್ತದೆ, ಅದೇ ತಟ್ಟೆಗೆ ತಲೆಗೆ ಹಚ್ಚುವ ಶಾಂಪೂ ಹಾಕಿ ಗೆಲ್ಲಿಸಿ ತೋರಿಸಿದವರಿದ್ದಾರೆ. ಹಾಗಂತ ಯಾರೂ ಎಂಜಿನ್‌ಗೆ ಶಾಂಪೂ ಸುರಿಯುವುದಿಲ್ಲವಲ್ಲ.

ಅಮೆರಿಕದಲ್ಲಿ ಈ ಜಗಳ ಕಟ್ಟೆ ಏರಿ ಮುಗಿದು ಕಾಲವಾಗಿದೆ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಸುಳ್ಳು ಜಾಹೀರಾತಿನ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ, ಸ್ಲಿಕ್ 50 ಎಂಬ ಎಂಜಿನ್ ಟ್ರೀಟ್‌ಮೆಂಟಿನ ತಯಾರಕರನ್ನು 1996ರಲ್ಲಿ ಹಿಡಿದುಕೊಂಡಿತು. ಸವೆತ ಅರ್ಧಕ್ಕಿಳಿಯುತ್ತದೆ, ಮೈಲೇಜ್ ಏರುತ್ತದೆ ಎನ್ನಲು ತಕ್ಕ ಆಧಾರವಿಲ್ಲ ಎಂಬುದು ಆಪಾದನೆ. 1997ರ ರಾಜಿಯಲ್ಲಿ ಗ್ರಾಹಕರಿಗೆ 1 ಕೋಟಿ ಡಾಲರ್ ಮೌಲ್ಯದ ಪರಿಹಾರ ಕೊಡಬೇಕಾಯಿತು. ಡ್ಯುರಾ ಲೂಬ್ ಎಂಬ ಇನ್ನೊಂದು ಬಾಟಲಿಯ ಪ್ರಕರಣದಲ್ಲಿ 20 ಲಕ್ಷ ಡಾಲರ್. ಅದರಲ್ಲಿ ಕ್ಲೋರಿನ್ ಸಂಯುಕ್ತಗಳೇ ಇಲ್ಲ ಎಂದು ಹೇಳಿಕೊಂಡದ್ದು ಕೂಡ ಸುಳ್ಳು ಎಂಬ ಆಪಾದನೆ ಇತ್ತು. ನಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ್ದು ಝೀಮ್ಯಾಕ್ಸ್: ಮೈಲೇಜ್ ಕನಿಷ್ಠ ಶೇ. 10 ಏರುತ್ತದೆ ಎಂದು ಜಾಹೀರಾತು ಕೊಟ್ಟಿದ್ದರು. 2001ರಲ್ಲಿ ಮೊಕದ್ದಮೆ, 2003ರಲ್ಲಿ 10 ಲಕ್ಷ ಡಾಲರ್‌ಗೆ ರಾಜಿ. ರಾಜಿ ಅಂದರೆ ತಪ್ಪೊಪ್ಪಿಗೆ ಅಲ್ಲ, ಅದನ್ನೂ ಹೇಳಬೇಕು. ಆದರೆ ಶೇ. 10 ನಿಜವಾಗಿದ್ದರೆ ಸಾಬೀತು ಮಾಡುವುದು ಬಲು ಸುಲಭವಿತ್ತು.

ಇಷ್ಟಾದ ಮೇಲೂ "ನನ್ನ ಗಾಡಿಯಲ್ಲಿ ನೋಡಿಯೇಬಿಡುತ್ತೇನೆ" ಅನ್ನುವವರಿಗೆ ಮುಂದಿನ ಹಂತಗಳು.

ಹಂತ 1: ನಿಮ್ಮ ಗಾಡಿಗೆ ಸುರಿಯಬಹುದೇ ನೋಡಿಕೊಳ್ಳಿ

ಗೇರ್ ಬೈಕ್ ಇದ್ದವರು ಇಲ್ಲೇ ನಿಲ್ಲಿ. ಬಹುತೇಕ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ, ಇದಕ್ಕೆ ವೆಟ್ ಕ್ಲಚ್ ಅನ್ನುತ್ತಾರೆ. ಕ್ಲಚ್‌ಗೆ ಬೇಕಾದದ್ದೇ ಹಿಡಿತ, ನೀವು ಸುರಿಯುತ್ತಿರುವುದು ಜಾರಿಕೆ. ಬೈಕ್ ಆಯಿಲ್ ಡಬ್ಬಿಯ ಮೇಲೆ 'ಜಾಸೋ ಎಂಎ' ಅಥವಾ 'ಎಂಎ2' ಎಂದು ಬರೆದಿರುವುದು ಈ ಕಾರಣಕ್ಕೇ: ಕ್ಲಚ್ ಜಾರಿಸದ ಆಯಿಲ್ ಎಂಬ ಜಪಾನಿ ಮಾನದಂಡದ ಗುರುತು ಅದು. ಬಾಟಲಿ ಸುರಿದರೆ ಆ ಗುರುತಿಗೆ ಅರ್ಥವೇ ಇಲ್ಲ. ಪೇಟೆಯೊಳಗೆ ಗೊತ್ತಾಗುವುದಿಲ್ಲ. ಆಗುಂಬೆ ಘಾಟಿಯಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ತಿರುವಿದಾಗ ಎಂಜಿನ್ ಕೂಗು ಏರುತ್ತದೆ, ಗಾಡಿಯ ವೇಗ ಏರುವುದಿಲ್ಲ. ಅದು ಕ್ಲಚ್ ಜಾರುವುದು. ಗೇರ್ ಇಲ್ಲದ ಸ್ಕೂಟರ್‌ಗಳ ಕ್ಲಚ್ ಸಾಮಾನ್ಯವಾಗಿ ಒಣದು, ಆಯಿಲ್‌ಗೆ ತಾಗುವುದಿಲ್ಲ, ಅವುಗಳಿಗೆ ಈ ಅಪಾಯವಿಲ್ಲ.

2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಗಾಡಿ ಇದ್ದವರೂ ಬೇಡ. ಅವುಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಮಸಿ ಸೋಸುವ ಜರಡಿ ಇರುತ್ತದೆ. ಅದಕ್ಕೆಂದೇ ಕಡಿಮೆ ಬೂದಿ ಬಿಡುವ ಆಯಿಲ್ ಹಾಕುತ್ತಾರೆ. ಬಾಟಲಿಯಲ್ಲಿ ಸತು, ರಂಜಕ, ಗಂಧಕ ಇದ್ದರೆ ಸುಟ್ಟು ಬೂದಿಯಾಗಿ ಜರಡಿಯಲ್ಲಿ ಕೂರುತ್ತದೆ. ಮಸಿಯನ್ನಾದರೂ ಗಾಡಿ ತಾನೇ ಸುಟ್ಟುಕೊಳ್ಳುತ್ತದೆ, ಬೂದಿಯನ್ನು ಸುಡಲಾಗದು. ಡಿಪಿಎಫ್ ಬದಲಾಯಿಸುವ ಖರ್ಚಿನ ಮುಂದೆ ಮೈಲೇಜಿನ ಉಳಿತಾಯ ಲೆಕ್ಕಕ್ಕೇ ಬರುವುದಿಲ್ಲ.

ವಾರಂಟಿ ಇರುವ ಗಾಡಿಯಾದರೆ ಮ್ಯಾನ್ಯುವಲ್‌ನಲ್ಲಿ ಆಯಿಲ್ ಪುಟ ತೆರೆದು ಓದಿ. ಆಯಿಲ್‌ಗೆ ಬೇರೇನೂ ಸೇರಿಸಬೇಡಿ ಎಂಬ ಸಾಲು ಅನೇಕ ಮ್ಯಾನ್ಯುವಲ್‌ಗಳಲ್ಲಿ ಇದ್ದೇ ಇರುತ್ತದೆ. ಸರ್ವಿಸ್ ಸೆಂಟರಿನವರೇ ಹಾಕಿದ್ದರೆ ಬಿಲ್ಲಿನಲ್ಲಿ ಅದರ ಹೆಸರು ಬರೆಸಿಕೊಳ್ಳಿ.

ಹಂತ 2: ದುಡ್ಡಿನ ಲೆಕ್ಕ ಹಾಕಿ

ಬಾಟಲಿ ಒಂದು ಆಯಿಲ್ ಬದಲಾವಣೆಯಿಂದ ಇನ್ನೊಂದರವರೆಗೆ ಮಾತ್ರ. ಆ ಅವಧಿಯಲ್ಲಿ ಸುಡುವ ಪೆಟ್ರೋಲಿನ ಬೆಲೆಗೆ ಬಾಟಲಿಯ ಬೆಲೆಯನ್ನು ಹೋಲಿಸಿ.

ಕಾರು ಲೀಟರಿಗೆ 15 ಕಿ.ಮೀ. ಕೊಡುತ್ತದೆ, 10,000 ಕಿ.ಮೀ.ಗೊಮ್ಮೆ ಆಯಿಲ್ ಬದಲಾವಣೆ ಎಂದುಕೊಳ್ಳಿ. ಸುಮಾರು 667 ಲೀಟರ್. ಲೆಕ್ಕದ ಸುಲಭಕ್ಕೆ ಲೀಟರಿಗೆ 100 ರೂಪಾಯಿ ಹಿಡಿದರೆ 66,700 ರೂಪಾಯಿ. ಶೇ. 1 ಅಂದರೆ 667 ರೂಪಾಯಿ. ಬಾಟಲಿಗೆ 1,200 ಕೊಟ್ಟಿದ್ದರೆ ಅಸಲು ಬರಲೇ ಶೇ. 1.8 ಏರಬೇಕು. ಲಾಭ ಅದರ ಮೇಲೆ.

ಸ್ಕೂಟರ್ 50 ಕಿ.ಮೀ. ಕೊಡುತ್ತದೆ, 3,000 ಕಿ.ಮೀ.ಗೆ ಆಯಿಲ್. 60 ಲೀಟರ್, 6,000 ರೂಪಾಯಿ. ಶೇ. 1 ಅಂದರೆ 60 ರೂಪಾಯಿ. 300 ರೂಪಾಯಿಯ ಬಾಟಲಿಯ ಅಸಲಿಗೇ ಶೇ. 5 ಬೇಕು. ಸ್ಕೂಟರಿನವರು ಮುಂದೆ ಓದುವ ಅಗತ್ಯವಿಲ್ಲ ಅನ್ನಿಸುತ್ತದೆ.

ಹಂತ 3: ಸುರಿಯುವ ಮೊದಲು ಹೊಸ ಆಯಿಲ್, ಬರೀ ಆಯಿಲ್

ಎಲ್ಲರೂ ಎಡವುವುದು ಇಲ್ಲೇ. ಟ್ರೀಟ್‌ಮೆಂಟ್ ಹಾಕುವುದು ಸರ್ವಿಸ್ ದಿನವೇ. ಅವತ್ತೇ ಆಯಿಲ್ ಹೊಸದಾಗಿರುತ್ತದೆ, ಏರ್ ಫಿಲ್ಟರ್ ಬದಲಾಗಿರುತ್ತದೆ, ಟೈರಿಗೆ ಗಾಳಿ ತುಂಬಿರುತ್ತಾರೆ, ಹಿಡಿದುಕೊಂಡಿದ್ದ ಬ್ರೇಕ್ ಸರಿಯಾಗಿರುತ್ತದೆ. ಮೈಲೇಜ್ ಏರಿದರೆ ಶ್ರೇಯ ಬಾಟಲಿಗೆ. ಹಾಗಾಗಿ ಮೊದಲ ಸರ್ವಿಸ್‌ನಲ್ಲಿ ಇದನ್ನೆಲ್ಲ ಮಾಡಿಸಿ, ಬಾಟಲಿ ಮಾತ್ರ ಬೇಡ ಅನ್ನಿ. ಈ ಸ್ಥಿತಿಯಲ್ಲಿ ಬರುವ ಅಂಕಿಯೇ ನಿಮ್ಮ ಮೂಲ ಅಳತೆ.

ಎರಡು–ಮೂರು ವರ್ಷ ಹಿಂದಿನ ಮೈಲೇಜ್ ನೆನಪಿಸಿಕೊಂಡು ಹೋಲಿಸಲೂಬೇಡಿ. ಈ ನಡುವೆ ಬಂಕಿನ ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಮಾಣ ಶೇ. 20ಕ್ಕೆ ಏರಿದೆ. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಆಗಿನ ಅಂಕಿ, ಈಗಿನ ಅಂಕಿ ಬೇರೆ ಬೇರೆ ಇಂಧನದವು.

ಹಂತ 4: ಟ್ಯಾಂಕ್ ಫುಲ್ ಲೆಕ್ಕ, ಐದು ಸಲ

ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಮೈಲೇಜ್ ನಂಬಬೇಡಿ. ಅದು ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದ ಮಾಡಿದ ಅಂದಾಜು. ಗ್ಲೋವ್ ಬಾಕ್ಸಿನಲ್ಲಿ ಒಂದು ಪುಟ್ಟ ಪುಸ್ತಕ, ಒಂದು ಪೆನ್ನು ಇಡಿ.

ಒಂದೇ ಬಂಕ್, ಸಾಧ್ಯವಾದರೆ ಒಂದೇ ಪಂಪ್, ಗಾಡಿ ಒಂದೇ ದಿಕ್ಕಿಗೆ ನಿಲ್ಲಲಿ. ನಾಝಲ್ ತಾನಾಗಿ ಒಮ್ಮೆ ಕಟ್ ಆದ ಕೂಡಲೇ ನಿಲ್ಲಿಸಲು ಹೇಳಿ. ರೌಂಡ್ ಫಿಗರ್ ಆಗಲೆಂದು ಇನ್ನಷ್ಟು ಒತ್ತುವ ಅಭ್ಯಾಸ ಬಂಕಿನವರಿಗಿದೆ, ಬೇಡ ಅನ್ನಿ. ಓಡೋಮೀಟರ್, ಲೀಟರ್, ದಿನಾಂಕ ಬರೆದುಕೊಳ್ಳಿ. ಸಾಮಾನ್ಯ ಪೆಟ್ರೋಲ್, ಪ್ರೀಮಿಯಂ ಪೆಟ್ರೋಲ್ ಬೆರಕೆ ಮಾಡಬೇಡಿ.

ಐದು ಸಲ ಏಕೆ? ಕಟ್ ಆಗುವ ಜಾಗ ಒಂದು ಸಲಕ್ಕಿಂತ ಇನ್ನೊಂದು ಸಲ ಅರ್ಧ ಲೀಟರ್ ಹೆಚ್ಚುಕಡಿಮೆ ಆಗಬಹುದು. 30 ಲೀಟರಿನ ಒಂದು ಟ್ಯಾಂಕಿನಲ್ಲಿ ಅರ್ಧ ಲೀಟರ್ ಅಂದರೆ ಶೇ. 1.7. ನೀವು ಹುಡುಕುತ್ತಿರುವ ಲಾಭದಷ್ಟೇ ದೊಡ್ಡ ತಪ್ಪು! ಐದೂ ಟ್ಯಾಂಕ್ ಕೂಡಿಸಿ 150 ಲೀಟರ್ ಎಂದು ಲೆಕ್ಕ ಹಾಕಿದರೆ ನಡುವಿನ ಹೆಚ್ಚುಕಡಿಮೆಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಮೊದಲ ಮತ್ತು ಕೊನೆಯ ಫುಲ್ ಟ್ಯಾಂಕಿನ ತಪ್ಪು ಮಾತ್ರ ಉಳಿಯುತ್ತದೆ, ಅದು ಶೇ. 0.3ರಷ್ಟು. ಹಾಗಾಗಿ ಒಟ್ಟು ಕಿ.ಮೀ.ಯನ್ನು ಒಟ್ಟು ಲೀಟರಿನಿಂದ ಭಾಗಿಸಿ. ಒಂದೊಂದು ಟ್ಯಾಂಕಿನ ಅಂಕಿಯನ್ನೂ ಬದಿಯಲ್ಲಿ ಬರೆದಿಟ್ಟುಕೊಳ್ಳಿ, ಹಂತ 7ರಲ್ಲಿ ಬೇಕಾಗುತ್ತದೆ.

ಪಂಪಿನ ಅಳತೆಯ ಮೇಲೆ ಅನುಮಾನವಿದ್ದರೆ 5 ಲೀಟರಿನ ಮುದ್ರೆಯೊತ್ತಿದ ಅಳತೆಪಾತ್ರೆ ತರಿಸಿ ನೋಡುವ ಹಕ್ಕು ನಿಮಗಿದೆ. 5 ಲೀಟರಿಗೆ 25 ಮಿ.ಲೀ. ಆಚೀಚೆ ಆಗುವುದನ್ನು ನಿಯಮವೇ ಒಪ್ಪುತ್ತದೆ. ಅದೇ ಶೇ. 0.5 ಆಯಿತು, ಬೇರೆ ಬೇರೆ ಪಂಪ್ ಬೇಡ ಅಂದದ್ದು ಅದಕ್ಕೇ.

ಟೈರ್ ಗಾಳಿಯನ್ನು ವಾರಕ್ಕೊಮ್ಮೆ, ಗಾಡಿ ತಣ್ಣಗಿರುವಾಗ, ಒಂದೇ ಅಂಕಿಗೆ ತನ್ನಿ. ದಿನದ ಓಡಾಟದ ದಾರಿ ಸರಿಸುಮಾರು ಒಂದೇ ಇರಲಿ. ಐದರಲ್ಲಿ ಒಂದು ಟ್ಯಾಂಕ್ ಪೂರ್ತಿ ಊರಿಗೆ ಹೋಗಿಬಂದ ಹೈವೇ ಓಟವಾಗಿದ್ದರೆ ಅದನ್ನು ಬಿಟ್ಟು ಇನ್ನೊಂದು ಸೇರಿಸಿ.

ಹಂತ 5: ಸುರಿಯಿರಿ, ಆದರೆ ಮಟ್ಟ ನೋಡಿ

ಮುಂದಿನ ಆಯಿಲ್ ಬದಲಾವಣೆಯಲ್ಲಿ, ಅದೇ ಬ್ರ್ಯಾಂಡ್, ಅದೇ ದರ್ಜೆಯ ಆಯಿಲ್ ಜೊತೆಗೆ ಬಾಟಲಿ. 300 ಮಿ.ಲೀ. ಬಾಟಲಿಯಾದರೆ 300 ಮಿ.ಲೀ. ಆಯಿಲ್ ಕಡಿಮೆ ಹಾಕಿಸಿ. ಪೂರ್ತಿ ಆಯಿಲ್ ಹಾಕಿ ಮೇಲೆ ಬಾಟಲಿಯನ್ನೂ ಸುರಿದರೆ ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್‌ನ ಮೇಲಿನ ಗೆರೆ ದಾಟುತ್ತದೆ, ಕ್ರ್ಯಾಂಕ್ ಆಯಿಲ್‌ಗೆ ಬಡಿದು ನೊರೆ ಎಬ್ಬಿಸುತ್ತದೆ, ಮೈಲೇಜ್ ಇಳಿಯುತ್ತದೆ. ಮತ್ತೆ ಐದು ಟ್ಯಾಂಕ್.

ಈಗ ಒಂದು ಮನುಷ್ಯಸಹಜ ತೊಡಕು. ಸಾವಿರದಿನ್ನೂರು ರೂಪಾಯಿ ಕೊಟ್ಟವರ ಬಲಗಾಲು ತಾನಾಗಿ ಹಗುರವಾಗುತ್ತದೆ. ಮೈಲೇಜ್ ಬರಲಿ ಎಂಬ ಆಸೆಯಲ್ಲಿ ನಿಧಾನಕ್ಕೆ ಓಡಿಸುತ್ತೇವೆ, ಸಿಗ್ನಲ್ ದೂರದಿಂದಲೇ ನೋಡಿ ಕಾಲು ತೆಗೆಯುತ್ತೇವೆ. ಓಡಿಸುವ ರೀತಿಯಿಂದಲೇ ಶೇ. 10ಕ್ಕೂ ಮೀರಿದ ವ್ಯತ್ಯಾಸ ಬರುತ್ತದೆ. ಇದಕ್ಕೆ ಒಳ್ಳೆಯ ಉಪಾಯ, ಮನೆಯಲ್ಲಿ ಇಬ್ಬರಿದ್ದರೆ, ಬಾಟಲಿ ಹಾಕಿಸಿದ್ದು ಓಡಿಸುವವರಿಗೆ ಗೊತ್ತಿಲ್ಲದಂತೆ ಮಾಡುವುದು. ಸಂಸಾರದಲ್ಲಿ ಕಷ್ಟ, ಆದರೆ ಟ್ಯಾಕ್ಸಿ ನಾಲ್ಕಾರು ಇಟ್ಟುಕೊಂಡವರಿಗೆ ಸುಲಭ.

ಹಂತ 6: ವಾಪಸ್ ಬರೀ ಆಯಿಲ್‌ಗೆ ಬನ್ನಿ

ಇದನ್ನು ಯಾರೂ ಮಾಡುವುದಿಲ್ಲ, ಇದಿಲ್ಲದೆ ಪರೀಕ್ಷೆ ಮುಗಿಯುವುದೂ ಇಲ್ಲ. ಅದರ ಮುಂದಿನ ಬದಲಾವಣೆಯಲ್ಲಿ ಬಾಟಲಿ ಬಿಟ್ಟು ಮತ್ತೆ ಐದು ಟ್ಯಾಂಕ್ ಅಳೆಯಿರಿ. ಬಾಟಲಿಯಿಂದಲೇ ಏರಿದ್ದಾದರೆ ಈಗ ಇಳಿಯಬೇಕು.

"ಒಮ್ಮೆ ಹಾಕಿದರೆ ಲೇಪ ಹಾಗೇ ಉಳಿಯುತ್ತದೆ, ಅದಕ್ಕೇ ಇಳಿದಿಲ್ಲ" ಎಂದು ಮಾರುವವರು ಹೇಳಿಯಾರು. ಜಾಣ ಉತ್ತರ. ಹಾಗಿದ್ದರೆ ಪ್ರತಿ ಸರ್ವಿಸ್‌ಗೂ ಹೊಸ ಬಾಟಲಿ ಏಕೆ ಎಂದು ಕೇಳಿ. ಈ ವಾದಕ್ಕೆ ಅಳತೆಯಲ್ಲೇ ಉತ್ತರ ಬೇಕಿದ್ದರೆ ಒಂದೇ ಮಾದರಿಯ ಎರಡು ಗಾಡಿ, ಒಂದೇ ತಿಂಗಳುಗಳಲ್ಲಿ, ಒಂದಕ್ಕೆ ಹಾಕಿ ಒಂದಕ್ಕೆ ಹಾಕದೆ ಓಡಿಸಬೇಕು. ಮಳೆ, ಬಿಸಿಲು, ಪೆಟ್ರೋಲ್ ಎರಡಕ್ಕೂ ಸಮ.

ಸಮಯದ ಮಾತು. ವರ್ಷಕ್ಕೆ 10,000 ಕಿ.ಮೀ. ಓಡಿಸುವವರಿಗೆ ಮೂರೂ ಅಳತೆ ಮುಗಿಯಲು ಎರಡು ವರ್ಷ ಮೀರುತ್ತದೆ. ಒಂದು ಅನುಕೂಲವೆಂದರೆ ಪ್ರತಿ ಅಳತೆಯೂ ವರ್ಷದ ಅದೇ ತಿಂಗಳಲ್ಲಿ ಬೀಳುತ್ತದೆ, ಹವೆಯ ವ್ಯತ್ಯಾಸ ಕಾಡುವುದಿಲ್ಲ. ಟ್ಯಾಕ್ಸಿಯವರಿಗೆ ಆರೇಳು ತಿಂಗಳಲ್ಲಿ ಮುಗಿದೀತು, ಆದರೆ ಒಂದು ಅಳತೆ ಏಪ್ರಿಲ್‌ನಲ್ಲಿ ಎಸಿ ಹಾಕಿಕೊಂಡು, ಇನ್ನೊಂದು ಜುಲೈ ಮಳೆಯಲ್ಲಿ ಆಗದಂತೆ ನೋಡಿಕೊಳ್ಳಬೇಕು.

ಹಂತ 7: ಅಂಕಿ ಓದುವುದು

ಹೇಗಿರುತ್ತದೆ ಎಂದು ತೋರಿಸಲು ಒಂದು ಕಲ್ಪಿತ ಪುಸ್ತಕ ತೆರೆಯೋಣ. ಐದೂ ಟ್ಯಾಂಕ್ ಒಂದೇ ಅಳತೆಯವು ಎಂದುಕೊಂಡು ಸರಾಸರಿ ತೆಗೆದಿದ್ದೇನೆ.

ಬರೀ ಆಯಿಲ್: 14.6, 15.3, 14.9, 15.5, 14.7. ಸರಾಸರಿ 15.0.
ಬಾಟಲಿ ಜೊತೆ: 15.2, 15.6, 14.8, 15.4, 15.0. ಸರಾಸರಿ 15.2.
ಮತ್ತೆ ಬರೀ ಆಯಿಲ್: 15.4, 15.0, 15.5, 14.9, 15.2. ಸರಾಸರಿ 15.2.

ಮೊದಲ ಎರಡು ಸಾಲು ಮಾತ್ರ ಇದ್ದಿದ್ದರೆ "ಶೇ. 1.3 ಏರಿತು" ಎಂದು ಬರೆದುಕೊಂಡು ಖುಷಿಪಡುತ್ತಿದ್ದಿರಿ. ಮೂರನೆಯ ಸಾಲು ಬಂದಾಗ ಏರಿಕೆಗೆ ಬಾಟಲಿ ಕಾರಣವೆನ್ನಲು ಆಗುವುದಿಲ್ಲ, ಅದು ಹೋದರೂ ಏರಿಕೆ ಹೋಗಿಲ್ಲ. ಮೊದಲ ಸಾಲನ್ನು ಒಬ್ಬಂಟಿಯಾಗಿ ನೋಡಿ: ಏನೂ ಬದಲಾಗದೆಯೂ 14.6ರಿಂದ 15.5ರವರೆಗೆ, ಶೇ. 6ರಷ್ಟು ಓಲಾಡಿದೆ. ಗಾಡಿ ತಾನಾಗಿಯೇ ಇಷ್ಟು ಓಲಾಡುವಾಗ "ಹಾಕಿಸಿದ ಮೇಲೆ ಒಂದು ಟ್ಯಾಂಕಿನಲ್ಲಿ ಲೀಟರಿಗೆ ಅರ್ಧ ಕಿಲೋಮೀಟರ್ ಜಾಸ್ತಿ ಬಂತು" ಎಂಬ ಮಾತಿಗೆ ಬೆಲೆಯಿಲ್ಲ.

ನಿಮ್ಮ ಪುಸ್ತಕದಲ್ಲಿ ನಡುವಿನ ಸಾಲು ಎರಡೂ ಬದಿಯ ಸಾಲುಗಳಿಗಿಂತ ಸ್ಪಷ್ಟವಾಗಿ ಮೇಲಿದ್ದು, ಆ ಏರಿಕೆ ಹಂತ 2ರ ಅಸಲಿನ ಶೇಕಡಾವನ್ನೂ ದಾಟಿದ್ದರೆ, ನನ್ನ ಮಾತು ಬಿಟ್ಟು ನಿಮ್ಮ ಪುಸ್ತಕವನ್ನೇ ನಂಬಿ.

ಪ್ರಮಾಣಪತ್ರ ತೋರಿಸಿದರೆ?

ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಯ ಹೆಸರು ಹೇಳಿ ಕಾಗದ ತೋರಿಸುವುದುಂಟು. ಕಾಗದ ಅಸಲಿಯೇ ಇರಬಹುದು. ಹಣ ಕಟ್ಟಿ ಪರೀಕ್ಷೆ ಮಾಡಿಸಿದ ವರದಿ ಬೇರೆ, ಸಂಸ್ಥೆಯ ಶಿಫಾರಸು ಬೇರೆ. ಮೂರು ಪ್ರಶ್ನೆ ಕೇಳಿ: ಬಾಟಲಿ ಇಲ್ಲದೆಯೂ ಅದೇ ಹೊಸ ಆಯಿಲ್‌ನಲ್ಲಿ ಪರೀಕ್ಷಿಸಿದ್ದಾರಾ? ಎಷ್ಟು ಸಲ ಮರುಪರೀಕ್ಷೆ? ಯಾವ ಎಂಜಿನ್? ಪೂರ್ತಿ ವರದಿ ಕೊಡದೆ ಕೊನೆಯ ಪುಟದ ಫೋಟೋ ಮಾತ್ರ ತೋರಿಸಿದರೆ ಅಲ್ಲಿಗೇ ಬಿಡಿ. ಆಧಾರವಿಲ್ಲದ ಮೈಲೇಜ್ ಭರವಸೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತು, ತಯಾರಕರಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಅದೇ ದುಡ್ಡಿಗೆ

ಮ್ಯಾನ್ಯುವಲ್‌ನಲ್ಲಿ 0ಡಬ್ಲ್ಯು-20, ಅಂದರೆ ತೆಳು ದರ್ಜೆಯ ಆಯಿಲ್, ಎಂದಿರುವ ಕಾರಿಗೆ "ನಮ್ಮ ಬಿಸಿಲಿಗೆ ದಪ್ಪ ಇರಲಿ" ಎಂದು ಗ್ಯಾರೇಜಿನವರು ದಪ್ಪ ಆಯಿಲ್ ಹಾಕಿರುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಸಂಖ್ಯೆ ದೊಡ್ಡದಾದಷ್ಟೂ ಆಯಿಲ್ ಮಂದ. ಅಮೆರಿಕ ಸರ್ಕಾರದ ಇಂಧನ ಮಾಹಿತಿಯ ಪ್ರಕಾರ ಸರಿಯಾದ ದರ್ಜೆಯ ಆಯಿಲ್‌ನಿಂದಲೇ ಮೈಲೇಜ್ ಶೇ. 1–2 ಸುಧಾರಿಸಬಹುದು. ಬಾಟಲಿಯಿಂದ ಹೆಚ್ಚೆಂದರೆ ಸಿಗಬಹುದಾದಷ್ಟೇ ಅದು, ಖರ್ಚು ಮಾತ್ರ ಬಾಟಲಿಯದ್ದಲ್ಲ. ನಾಲ್ಕೂ ಟೈರಿನ ಗಾಳಿ 5 ಪಿಎಸ್‌ಐ ಕಡಿಮೆಯಿದ್ದರೆ ಅದೇ ಮಾಹಿತಿಯ ಲೆಕ್ಕದಲ್ಲಿ ಶೇ. 1ರಷ್ಟು ಸೋರಿಕೆ. ಗಾಳಿಗೆ ಬಂಕಿನಲ್ಲಿ ದುಡ್ಡಿಲ್ಲ.

ಈಗಾಗಲೇ ಸುರಿದುಬಿಟ್ಟಿದ್ದರೆ

ಕಾರಿಗೆ ಹಾಕಿದ್ದರೆ ಗಾಬರಿ ಬೇಡ. ಡಿಪ್‌ಸ್ಟಿಕ್ ಮಟ್ಟ ನೋಡಿ, ಮೇಲಿನ ಗೆರೆ ದಾಟಿದ್ದರೆ ಹೆಚ್ಚುವರಿ ತೆಗೆಸಿ, ಮುಂದಿನ ಬದಲಾವಣೆಯನ್ನು ಸ್ವಲ್ಪ ಬೇಗ ಮಾಡಿಸಿ. ಡಿಪಿಎಫ್ ಇರುವ ಡೀಸೆಲ್ ಆದರೆ ಕಾಯದೆ ಈಗಲೇ ಬದಲಾಯಿಸಿ.

ಗೇರ್ ಬೈಕಿಗೆ ಹಾಕಿ ಕ್ಲಚ್ ಜಾರುತ್ತಿದ್ದರೆ ಆಯಿಲ್ ಮತ್ತು ಫಿಲ್ಟರ್ ಇವತ್ತೇ ಬದಲಾಯಿಸಿ, ಎಂಎ2 ದರ್ಜೆಯದ್ದು ಹಾಕಿಸಿ. ಪ್ಲೇಟುಗಳು ಕುಡಿದ ಜಿಡ್ಡು ಒಂದೇ ಸಲಕ್ಕೆ ಹೋಗುವುದಿಲ್ಲ. 300–400 ಕಿ.ಮೀ. ಓಡಿಸಿ ಇನ್ನೊಮ್ಮೆ ಆಯಿಲ್ ಚೆಲ್ಲಿ. ಆಮೇಲೂ ಏರಿನಲ್ಲಿ ಎಂಜಿನ್ ಕೂಗಿ ಗಾಡಿ ಮುಂದಕ್ಕೆ ಹೋಗದಿದ್ದರೆ ಕ್ಲಚ್ ಬಿಚ್ಚಿಸಿ ನೋಡಬೇಕು. ಪ್ಲೇಟು ಸುಟ್ಟು ಕಪ್ಪಾಗಿದ್ದರೆ ಅದನ್ನು ತೊಳೆಸಿ ಹಾಕಲು ಹೋಗಬೇಡಿ, ಸೆಟ್ ಬದಲಾಯಿಸಿ. ಮೆಕ್ಯಾನಿಕ್ ಕ್ಲಚ್ ಕೇಬಲ್ ಬಿಗಿ ಮಾಡಿ ಕಳಿಸಲು ನೋಡಿದರೆ, ಬಾಟಲಿ ಸುರಿದ ವಿಷಯ ಮುಚ್ಚಿಡದೆ ಮೊದಲೇ ಹೇಳಿಬಿಡಿ.